ಅರ್ಧ ಕೆನ್ನೆ ಬಾಕಿ

ಆಸ್ಟಿನ್ ಟೌನಿನ ನನ್ನ ಅಂಗಡಿಯಲ್ಲಿ
ಕುರ್ಚಿ ಎರಡು, ಕನ್ನಡಿ ಮೂರು,
ಫುಟ್‌ಬಾಲ್ ಬಲ್ಲವರು ಮೂವತ್ತು.
ಭಾನುವಾರ ಶಟರ್ ಅರ್ಧ ಎತ್ತುವಷ್ಟರಲ್ಲೇ
ತಲೆ ಬಗ್ಗಿಸಿ ಒಳಗೆ ಬಂತು ಜಗಳ.

ಎಂಟು ಕೋಟಿ.

ವರ್ಷಕ್ಕೆ. ಒಬ್ಬನಿಗೆ. ಮೂರು ವರ್ಷದ ಕರಾರು.
ಇಡೀ ತಂಡಕ್ಕೆ ಲೀಗು ಹಾಕಿದ ಮಿತಿಯೇ ಹದಿನಾರು.
"ಅರ್ಧ ಪಾತ್ರೆ ಒಬ್ಬನ ಎಲೆಗೆ ಸುರಿದರೆ
ಮಿಕ್ಕ ಪಂಕ್ತಿಗೆ ಏನು, ಬರೀ ಉಪ್ಪಾ?"
ಅಂದ ಏಳುಮಲೈ, ಮುಖದ ತುಂಬ ನೊರೆ,
ನೊರೆಯ ನಡುವೆ ಬಾಯಿ.

"ಆ ಪಾಸು ನೋಡಿದ್ಯಾ ನೀನು?" ಖಲೀಲ್ ಎದ್ದು ನಿಂತ.
"ನಲವತ್ತು ಗಜ! ನಡುವೆ ಆರು ಜನ!
ಸಂಜೆ ಆರಕ್ಕೆ ರಿಚ್ಮಂಡ್ ಸರ್ಕಲ್ಲಿನಲ್ಲಿ ನಿಂತು
ಸೂಜಿಗೆ ದಾರ ಪೋಣಿಸ್ತಾನೆ ಗುರು ಅವನು."

ಮೊಮ್ಮಗನ ತಲೆ ಬೋಳಿಸಲು ತಂದ ಪೆರ್ಪೆಚುವಾ ಮಿಸ್
ಪೇಪರಿನ ಅಂಚಿನಲ್ಲಿ ಭಾಗಿಸಿದರು:
ಉಳಿದದ್ದು ಎಂಟು, ಉಳಿದವರು ಇಪ್ಪತ್ತೈದು,
ತಲೆಗೆ ಮೂವತ್ತೆರಡು ಲಕ್ಷ.
ಮೂವತ್ತೊಂದು ವಯಸ್ಸು, ಹೊಲಿದ ಮೊಣಕಾಲು ಒಂದು,
ಅದನ್ನು ಯಾವ ಮನೆಗೆ ಬರೆಯಲಿ ಎಂದು
ಪೆನ್ಸಿಲ್ ಕಚ್ಚಿ ಕೂತರು.

ತಮಿಳಿನಲ್ಲಿ ಶುರುವಾದದ್ದು ಉರ್ದುವಿನಲ್ಲಿ ಕಾದು
ಕನ್ನಡಕ್ಕೆ ಬಂದಾಗ ನನ್ನ ತೀರ್ಪು ಕೇಳಿತು.
ನಾನು ಕತ್ತಿ ಮಸೆದೆ.

ಮಿತಿ ನನಗೂ ಗೊತ್ತು.
ಎರಡನೇ ಕುರ್ಚಿಯ ರೆಹಮತ್,
ಕಿವಿಯ ಮೇಲೆ ಕೂದಲನ್ನು ಹೊಗೆಯ ಹಾಗೆ ಕರಗಿಸುವವನು,
ಇಂದಿರಾನಗರದವರು ಅವನನ್ನು ಕರೆದ ದಿನ
ಎರಡರಷ್ಟು ಕೊಟ್ಟು ಉಳಿಸಿಕೊಂಡೆ.
ಆ ತಿಂಗಳೇ ಟವೆಲು ಒಗೆಯುವ ಗೋವಿಂದಪ್ಪನಿಗೆ
ನಾಳೆಯಿಂದ ಬರಬೇಡ ಅಂದೆ.
ಈಗ ರಾತ್ರಿ ಹತ್ತಕ್ಕೆ ಟವೆಲು ನಾನೇ ಒಗೆಯುತ್ತೇನೆ.
ಇದನ್ನು ಯಾರಿಗೂ ಹೇಳಲಿಲ್ಲ.
ಸಾಬೂನು ಕಲಸಿದೆ.

ಆಗ ಬಂದ ಕ್ಲೆಮೆಂಟ್.
ಗೌತಮಪುರದ ಹುಡುಗ, ಎಡಗಡೆಯ ಡಿಫೆಂಡರ್, ಮೂರನೇ ನಂಬರು.
ಗುರುವಾರ ಬಿಟ್ಟಿದ್ದರು ಅವನನ್ನು.
ಮಿತಿಯೊಳಗೆ ಜಾಗ ಬೇಕಿತ್ತಂತೆ,
ಅವನಷ್ಟೇ ಅಗಲದ ಜಾಗ.

ಫ್ಯಾನಿನ ಸದ್ದು ಕೇಳಿಸಿತು ಎಲ್ಲರಿಗೂ.
ಮಿಸ್ ಪೇಪರು ಮಡಿಚಿದರು.
"ಮಿಷಿನ್ ಎರಡನೇ ನಂಬರ್ ಹಾಕಣ್ಣ"
ಎಂದು ರೆಹಮತನ ಕುರ್ಚಿಯಲ್ಲಿ ಕೂತ.

ಏಳುಮಲೈಗೆ ತಡೆಯಲಾಗಲಿಲ್ಲ:
"ನಿನ್ನ ಅನ್ನ ತಿಂದ ಅಲ್ವೇನೋ ಅವನು?"

ಕನ್ನಡಿಯಿಂದಲೇ ಉತ್ತರ ಬಂತು, ನಿಧಾನ:
"ಪ್ರಾಕ್ಟೀಸಲ್ಲಿ ಒಂದ್ಸಲ, ಅಣ್ಣ,
ಓಡಬೇಕು ಅಂತ ನನಗೇ ಇನ್ನೂ ಹೊಳೆದಿರಲಿಲ್ಲ.
ಚೆಂಡು ಆಗಲೇ ಹೋಗಿ ಕಾಯ್ತಾ ಇತ್ತು.
ನಾನು ಹಿಂದಿಂದ ಹೋಗಿ ಸೇರ್ಕೊಂಡೆ, ಅಷ್ಟೆ.
ಅದಕ್ಕೆ ಎಷ್ಟು ಕೊಡಬೇಕೋ ನನಗೆ ಗೊತ್ತಿಲ್ಲ."

ಆಮೇಲೆ, ಮಿಷಿನ್ ಕಿವಿ ದಾಟುವಾಗ,
"ಜಾಸ್ತಿನೇ ಕೊಟ್ಟಿದ್ದಾರೆ, ಬಿಡಿ," ಅಂದು
ಮೊದಲ ಸಲ ನಕ್ಕ.

ನೂರೈವತ್ತು ಚಾಚಿದ. ಬೇಡ ಅಂದೆ.
ಬಾಚಣಿಗೆಯ ಕೆಳಗೆ ಇಟ್ಟು ಹೊರಟ,
ಬಾಗಿಲಲ್ಲಿ ಬಿದ್ದಿದ್ದ ಟೂತ್‌ಪೇಸ್ಟ್ ಮುಚ್ಚಳವನ್ನು
ಎಡಗಾಲಿನ ಒಳಅಂಚಿಂದ ತಳ್ಳಿದ.
ಚರಂಡಿಯ ಕಲ್ಲುಗಳ ನಡುವೆ ಬೆರಳಗಲದ ಸಂದಿ,
ಅದರೊಳಗೆ ಹೋಯಿತು.

ಯಾರೂ ಮಾತಾಡಲಿಲ್ಲ. ಒಂದು ನಿಮಿಷ ಇರಬಹುದು.
ಏಳುಮಲೈಯ ಅರ್ಧ ಕೆನ್ನೆ ಬಾಕಿ ಇತ್ತು,
ನೊರೆ ಒಣಗಿ ಬಿರುಕು ಬಿಟ್ಟಿತ್ತು.
ನಾನು ಬ್ರಷ್ಷಿಗೆ ನೀರು ಮುಟ್ಟಿಸುವಾಗ ಖಲೀಲ್ ಕೇಳಿದ,
ಯಾರನ್ನೂ ನೋಡದೆ:

"ಹಂಗಾದ್ರೆ ಶನಿವಾರ ಎಡಗಡೆ ಆಡೋರು ಯಾರು?"